ಮೂರನೇ ಸುತ್ತಿನ ಮಾತು

ಇಂಗ್ಲೆಂಡಿನ ಪಬ್ಬಿನಲ್ಲಿ ರಿಯಲ್ ಏಲ್ ಎಂಬ ಬಿಯರಿನ ಮೊದಲ ಗುಟುಕಿಗೆ ಬೆಂಗಳೂರಿನ ನಾಲಿಗೆ ಕೇಳುವುದು ಒಂದೇ: ‘ಫ್ರಿಜ್ ಕೆಟ್ಟಿದೆಯಾ?’ ಕೆಟ್ಟಿಲ್ಲ ಸ್ವಾಮಿ. ನೆಲಮಾಳಿಗೆಯಲ್ಲಿ 12 ಡಿಗ್ರಿ ಆಸುಪಾಸಿನಲ್ಲಿ ಮಲಗಿದ ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಿರುತ್ತದೆ. ಐಸಿನಂತೆ ತಣಿಸಿದರೆ ರುಚಿಯೇ ಮುದುಡುತ್ತದೆ. ನಮ್ಮೂರ ಬೋರ್‌ವೆಲ್ ಜಗ್ಗಿದಂತೆ ಹಿಡಿಕೆ ಜಗ್ಗಿ ಗ್ಲಾಸು ತುಂಬುತ್ತಾರೆ. ಈ ಏಲನ್ನು ಉಳಿಸಲೆಂದೇ 1971ರಲ್ಲಿ ಕ್ಯಾಮ್ರಾ ಎಂಬ ಸಂಘ ಹುಟ್ಟಿತು. ಕುಡಿಯುವುದಕ್ಕೂ ಒಂದು ಚಳವಳಿ!

ಅಸಲಿ ಅಪಾಯ ಏಲ್ ಅಲ್ಲ, ಗೆಳೆಯರು. ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸಬೇಕು. ಐವರು ಕೂತರೆ ಲೆಕ್ಕ ತಲೆಗೆ ಐದು ಪಿಂಟ್. ಪಿಂಟ್ ಅಂದರೆ 568 ಮಿ.ಲೀ. ಅದರಲ್ಲೂ ಯಾರ್ಕ್‌ಶೈರಿನ ಓಲ್ಡ್ ಪೆಕ್ಯೂಲಿಯರ್ ಎಂಬ ಏಲ್ ಆದರೆ ಮದ್ಯಾಂಶ ಶೇ. 5.6. ಮೂರನೇ ಸುತ್ತಿಗೆ ಎಂಥ ಮಿತಭಾಷಿ ಇಂಗ್ಲಿಷಿನವನೂ ಮಳೆಯ ವಿಚಾರ ಬಿಟ್ಟು ಅತ್ತೆಯ ವಿಚಾರಕ್ಕೆ ಇಳಿಯುತ್ತಾನೆ.

ನಮ್ಮಲ್ಲೊಬ್ಬ ಕಟ್ಟಾ ಸಸ್ಯಾಹಾರಿ. ಏಲ್ ತಿಳಿಯಾಗಲು ಹಳೇ ಪದ್ಧತಿಯಲ್ಲಿ ಮೀನಿನ ಗಾಳಿಚೀಲದ ಸಾರ ಹಾಕುತ್ತಾರೆಂದು ಯಾರೋ ಪುಣ್ಯಾತ್ಮ ಅವನ ಕಿವಿಗೆ ಹಾಕಿದ. ಅವನು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ‘ಮೀನು ಪೀಪಾಯಿಯ ತಳದಲ್ಲೇ ಉಳೀತಲ್ಲ, ನನಗೇನು?’ ಅಂದ. ‘ಈಗ ಯಾರ ಸರದಿ?’