ಆಯಿಲ್ ಎಲ್ಲಿಗೆ ಹೋಯ್ತು?

ಕೊಡಗಿನಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು, ಎಲ್ಲಿಂದಲೋ ಒಬ್ಬರು ಬಂದು ಪಕ್ಕದಲ್ಲಿ ನಿಂತಿರುತ್ತಾರೆ. ಮಿಲಿಟರಿಯಲ್ಲಿದ್ದು ಬಂದವರು. ಬೆನ್ನು ನೆಟ್ಟಗೆ, ಕೈ ಹಿಂದಕ್ಕೆ, ಜೇಬಿನಲ್ಲಿ ಟಾರ್ಚು. ಮೊದಲು ಏನೂ ಮಾತಾಡುವುದಿಲ್ಲ, ಬಗ್ಗಿ ನೋಡಿ "ಹೂಂ" ಅನ್ನುತ್ತಾರೆ. ಅಷ್ಟರಲ್ಲಿ ನಿಮ್ಮ ಕಾರಿನ ಜಾತಕ ಓದಿ ಮುಗಿದಿರುತ್ತದೆ. ಪೆಟ್ರೋಲ್ ಬಂಕು, ಸಾವಿನ ಮನೆಯ ಅಂಗಳ, ಮಡಿಕೇರಿ ದಸರಾದ ನೂಕುನುಗ್ಗಲು, ಎಲ್ಲಿ ಬೇಕಾದರೂ ಇವರು ಸಿಗುತ್ತಾರೆ.

ನಮ್ಮ ಓಣಿಯ ಪಾಲಿಗೆ ಬಂದವರು ಸುಬೇದಾರ್ ಮಾವ. ಸೈನ್ಯದ ರಿಪೇರಿ ದಳವಾದ ಇಎಂಇಯಲ್ಲಿ ಲಾರಿ, ಜೀಪುಗಳನ್ನು ಬಿಚ್ಚಿ ಜೋಡಿಸಿ ಆಯುಷ್ಯ ಕಳೆದವರು. ಟಯರಿನ ಗಾಳಿ, ಬ್ಯಾಟರಿ, ವೈಪರ್ ಬ್ಲೇಡಿನ ಬಗ್ಗೆಯೂ ಅಭಿಪ್ರಾಯಗಳಿವೆ, ಆದರೆ ಅವೆಲ್ಲ ಕಾಲು ಗಂಟೆಯಲ್ಲಿ ಮುಗಿಯುತ್ತವೆ. ಬ್ರೇಕ್ ಆಯಿಲ್ ಮಾತ್ರ ಮುಗಿಯುವುದಿಲ್ಲ.

ವಿರಾಜಪೇಟೆಯಲ್ಲೊಂದು ಮದುವೆ. ಮಾವ ನನ್ನ ಕಾರಿನಲ್ಲೇ ಬಂದರು. ಕಪ್ಪು ಕುಪ್ಯ, ಕೆಂಪು ರೇಷ್ಮೆ ಚೇಲೆ, ಸೊಂಟದಲ್ಲಿ ಪೀಚೆಕತ್ತಿ, ಸಾಕ್ಷಾತ್ ಮದುಮಗನ ಅಜ್ಜನ ಗತ್ತು. ಮೂರ್ನಾಡು ದಾಟಿ ಬೇತ್ರಿ ಸೇತುವೆಯ ಕಡೆ ಇಳಿಯುವಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣಕ್ ಅಂದು ಆರಿತು.

"ಹ್ಯಾಂಡ್‌ಬ್ರೇಕ್ ನೋಡಿ ಮೇಷ್ಟ್ರೇ. ಅದಕ್ಕೂ ಬ್ರೇಕ್ ಆಯಿಲ್‌ಗೂ ಒಂದೇ ದೀಪ."

ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿತ್ತು. ಮುಂದಿನ ತಿರುವಿನಲ್ಲಿ ದೀಪ ಮತ್ತೆ ಮಿಣಕಿತು. "ಆಯಿಲ್ ಗೆರೆಗೆ ಇಳಿದಿದೆ. ತಿರುವಿನಲ್ಲಿ ಒಂದು ಕಡೆ ವಾಲ್ತದೆ, ದೀಪ ಹತ್ತುತ್ತದೆ" ಎಂದರು. ನಿಲ್ಲಿಸಿ ಪೆಡಲ್ ಒತ್ತಿಸಿದರು. ಗಟ್ಟಿಯಾಗಿ ನಿಂತಿತು. "ಪೆಡಲ್ ಕೆಳಕ್ಕೆ ಹೋಗಿದ್ರೆ ಇಲ್ಲಿಂದ ನಡ್ಕೊಂಡೇ ಹೋಗೋದಿತ್ತು. ನಿಧಾನ ಬಿಡಿ" ಅಂದರು. ಆಮೇಲೆ ದಾರಿಯುದ್ದಕ್ಕೂ ಮೌನ. ಆ ಮೌನದಲ್ಲಿದ್ದ ಸಂತೋಷ ನನಗೆ ಗೊತ್ತಾಗದೆ ಇರಲಿಲ್ಲ.

ಮದುವೆ ಮಂಟಪದ ಅಂಗಳದಲ್ಲಿ ಬಾನೆಟ್ ಎದ್ದಿತು. ಡಬ್ಬಿಯಲ್ಲಿ ಆಯಿಲ್ ಮಿನ್ ಗೆರೆಗೆ ತಾಗಿಕೊಂಡಿತ್ತು. ಒಳಗಿನಿಂದ ಪಂದಿಕರಿಯ ಘಮ ಬರುತ್ತಿತ್ತು. ನಾನು ಉತ್ಸಾಹದಿಂದ "ಡಿಕ್ಕಿಯಲ್ಲಿ ಅರ್ಧ ಬಾಟಲಿ ಇದೆ ಮಾವ, ಸುರಿದುಬಿಡೋಣ" ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ಕೋರ್ಟ್ ಮಾರ್ಷಲ್ ಎಷ್ಟೋ ಮೇಲು.

"ಎಲ್ಲಿಗೆ ಹೋಯ್ತು ಅಂತ ಗೊತ್ತಾಗದೆ ಸುರೀತೀರಾ? ಇಂಜಿನ್ ಆಯಿಲ್ ಆದ್ರೆ ಉರಿದು ಹೋಯ್ತು ಅನ್ನಬಹುದು. ಇದು ಪೈಪಿನೊಳಗೇ ಇರಬೇಕಾದದ್ದು. ಒಂದೋ ಎಲ್ಲೋ ಸೋರಿರಬೇಕು, ಇಲ್ಲಾ ಪ್ಯಾಡ್ ಸವೆದಿರಬೇಕು. ಮೂರನೇ ದಾರಿ ಇಲ್ಲ. ಬಾಟಲಿ ಯಾವಾಗ ಒಡೆದದ್ದು?"

"ಹೋದ ಜುಲೈಯಲ್ಲಿ ಇರಬೇಕು."

"ಹಾಗಾದ್ರೆ ಅದರಲ್ಲಿರೋದು ಆಯಿಲ್ ಅಲ್ಲ ಮೇಷ್ಟ್ರೇ, ಹೋದ ವರ್ಷದ ಮಳೆ."

ಪೆಡಲ್ ಕೆಳಗಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿದರು, ಒದ್ದೆ ಇರಲಿಲ್ಲ. ನಾಲ್ಕೂ ಚಕ್ರದ ಒಳಮೈ ಪರೀಕ್ಷೆಯಾಯಿತು, ಕೈಲ್ ಮುಹೂರ್ತಕ್ಕೆ ಕೋವಿ ಒರೆಸುವಷ್ಟು ಶ್ರದ್ಧೆಯಿಂದ. ಕೊನೆಗೆ ಒಂದು ಗೋಣಿಚೀಲ ಹಾಸಿಕೊಂಡು, ಪೀಚೆಕತ್ತಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಕುಪ್ಯ ಸಮೇತ ಕಾರಿನಡಿಗೆ ಹೋದರು. ಒಳಗೆ ವಾಲಗ ಶುರುವಾಯಿತು. ಹೊರಗೆ ಚಾಚಿದ್ದ ಎರಡು ಬೂಟುಗಳು ಅದರ ತಾಳಕ್ಕೆ ಸರಿಯಾಗಿ ಅಲ್ಲಾಡುತ್ತಿದ್ದವು. ಬಂದುಹೋಗುವ ನೆಂಟರೆಲ್ಲ "ಏನಾಯ್ತು?" ಎಂದು ಕೇಳುವಾಗ ಕೈಯಲ್ಲಿ ಕತ್ತಿ ಹಿಡಿದು ಬೂಟುಗಳ ಪಕ್ಕ ನಿಂತಿದ್ದ ನನ್ನ ಸ್ಥಿತಿಯನ್ನು ನೀವೇ ಊಹಿಸಿ.

"ಸೋರಿಲ್ಲ" ಎಂದು ಹೊರಬಂದರು. "ಮುಂದಿನ ಪ್ಯಾಡ್ ಮುಗೀತಾ ಬಂದಿದೆ. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಮುಂದಕ್ಕೆ ಬರ್ತದೆ, ಆ ಜಾಗ ತುಂಬಲಿಕ್ಕೆ ಆಯಿಲ್ ಕೆಳಗೆ ಇಳೀತದೆ." ನಾವು ಊಟಕ್ಕೆ ಕೂರುವಾಗ ಕಡಂಬುಟ್ಟು ಇತ್ತು, ಪಂದಿಕರಿಯಲ್ಲಿ ಗ್ರೇವಿ ಮಾತ್ರ ಉಳಿದಿತ್ತು.

ಸಿಟ್ಟು ಬರುವುದು ಯಾಕೆಂದರೆ ಇಂಥವರು ಹೇಳಿದ್ದು ನಿಜವಾಗುತ್ತದೆ. ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತುತ್ತಿದ್ದಂತೆ ಡಬ್ಬಿಯ ಆಯಿಲ್ ತಾನಾಗಿ ಮ್ಯಾಕ್ಸ್ ಗೆರೆಗೆ ಏರಿತು. ಮೊದಲೇ ಸುರಿದಿದ್ದರೆ ಉಕ್ಕಿ ಚೆಲ್ಲಿ ಪೇಂಟ್ ಕಿತ್ತುಬರುತ್ತಿತ್ತು.

ಬಾಟಲಿಯ ಮಾತೂ ಸುಳ್ಳಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಟ್ಟೆ ಒಣಗಿಸಲು ಅಗ್ಗಿಷ್ಟಿಕೆ ಬೇಕಾದ ನಮ್ಮ ಮಳೆಗಾಲದಲ್ಲಿ ಕೇಳಬೇಕೆ? ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಬರುತ್ತದೆ. ಡಾಟ್ 4ಕ್ಕೆ 230, ತೇವವಾದರೆ 155. ಮಡಿಕೇರಿಯಿಂದ ಸಂಪಾಜೆಯವರೆಗೆ ಬ್ರೇಕ್ ಮೇಲಿಟ್ಟ ಕಾಲು ತೆಗೆಯದೆ ಇಳಿದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿ ಕಟ್ಟುತ್ತದೆ, ಪೆಡಲ್ ಒತ್ತಿದರೆ ಸ್ಪಂಜು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಸೆಕೆಂಡ್ ಗೇರಿನಲ್ಲಿ ಇಳಿಯಿರಿ ಎಂದು ಮಾವ ಹೇಳುವುದು ಇದಕ್ಕೇ.

ವಾರಾಂತ್ಯದಲ್ಲಿ ಅವರು ತಾಳತ್ಮನೆ ಕಡೆ ವಾಕಿಂಗ್ ಹೋಗುತ್ತಾರೆ. ಘಾಟಿಗೆ ಇಳಿಯಲು ಹೊರಟ ಪ್ರವಾಸಿಗಳು ಫೋಟೋಕ್ಕೆ ನಿಂತರೆ ಕಿಟಕಿಯ ಬಳಿ ಹೋಗಿ "ಗೇರಿನಲ್ಲಿ ಇಳೀರಿ" ಅನ್ನುತ್ತಾರೆ. ಹುಡುಗರು "ಥ್ಯಾಂಕ್ಸ್ ಅಂಕಲ್" ಎಂದು ಗಾಜು ಏರಿಸುತ್ತಾರೆ. ಮೊದಲಾದರೆ ಲಾರಿ ಡ್ರೈವರುಗಳು ಇಳಿದು ಬೀಡಿ ಹಚ್ಚಿ ಪೂರ್ತಿ ಕೇಳುತ್ತಿದ್ದರಂತೆ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಿನಲ್ಲಿ, ಶೆಡ್ಡಿನಲ್ಲಿ ಹಳೇ ಜೀಪು. ಅದರ ಬ್ರೇಕ್ ಆಯಿಲ್ ಮಾತ್ರ ತಪ್ಪದೆ ಬದಲಾಗುತ್ತದೆ, ಓಡಿಸುವವರು ಇಲ್ಲದಿದ್ದರೂ. ಅದಕ್ಕೇ ಇರಬೇಕು, ಈಗೀಗ ಅವರ "ಹೂಂ" ಕೇಳಿದರೆ ನಾನೇ ಬಾನೆಟ್ ಎತ್ತುತ್ತೇನೆ.

ಮೊನ್ನೆ ಅವರ ತಂಗಿಯ ಮಗ ಎಲೆಕ್ಟ್ರಿಕ್ ಕಾರು ತಂದ. "ಇದಕ್ಕೆ ಆಯಿಲ್ ಚೇಂಜೇ ಇಲ್ಲ ಮಾವ, ಆಕ್ಸಿಲರೇಟರ್ ಬಿಟ್ರೆ ತಾನೇ ನಿಲ್ತದೆ" ಎಂದು ಬೀಗಿದ. ಮಾವ ಒಂದು ಸುತ್ತು ಬಂದರು. ಬಾನೆಟ್ ತೆಗೆಸಿದರು. ಟಾರ್ಚು ಬಿಟ್ಟು ಮೂಲೆಯೊಂದರಲ್ಲಿ ಕಪ್ಪು ಮುಚ್ಚಳದ ಪುಟ್ಟ ಡಬ್ಬಿ ಹುಡುಕಿ, ಅದರ ಮೇಲಿನ ಅಕ್ಷರ ಗಟ್ಟಿಯಾಗಿ ಓದಿದರು: "ಡಾಟ್ 4."

ಹುಡುಗನಿಗೆ ಮಾತು ಹೊರಡಲಿಲ್ಲ.

"ಯಾವ ವರ್ಷದ್ದು?" ಎಂದು ಕೇಳಿ ಮಾವ ಕುರ್ಚಿ ತರಿಸಿಕೊಂಡರು.