ಸಂದರ್ಶನದ ಅರ್ಥಗಾರಿಕೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಸೌಧಗಳಲ್ಲಿ ತಂತ್ರಾಂಶ ರಚನೆಯ ಉದ್ಯೋಗವನ್ನು ಅಪೇಕ್ಷಿಸಿ ಹೋಗತಕ್ಕವನು ಆ ಶಾಸ್ತ್ರದಲ್ಲಿ ಎಷ್ಟೇ ಪಾರಂಗತನಾಗಿರಲಿ, ಎಷ್ಟೇ ಕಾಲ ಅದರಿಂದಲೇ ಅನ್ನ ಸಂಪಾದಿಸಿರಲಿ, ಅಭಿನಯಕಲೆಯಲ್ಲಿ ಕಿಂಚಿತ್ ಪರಿಶ್ರಮವಿಲ್ಲದಿದ್ದರೆ ಅವನ ಕಾರ್ಯ ಕೈಗೂಡುವುದು ದುರ್ಲಭವೆಂಬುದು ನನ್ನ ಸಿದ್ಧಾಂತ.

ಆಧಾರವಿಲ್ಲದೆ ಹೇಳುತ್ತಿಲ್ಲ. ಸಂದರ್ಶನಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುವ ‘ಬೈನರಿ ಸರ್ಚ್’ ಎಂಬುದನ್ನೇ ನೋಡಿ. ಏರಿಕೆಯ ಕ್ರಮದಲ್ಲಿರುವ ಸಂಖ್ಯೆಗಳ ನಡುವಣದನ್ನು ಪರೀಕ್ಷಿಸಿ, ಬೇಡದ ಅರ್ಧವನ್ನು ತ್ಯಜಿಸಿ, ಉಳಿದರ್ಧದಲ್ಲಿಯೂ ಹಾಗೆಯೇ ಮಾಡುತ್ತ ಹೋಗುವ ಈ ಉಪಾಯವು ಮೊದಲು ಪ್ರಕಟವಾದದ್ದು 1946ರಲ್ಲಿ. ದೋಷರಹಿತವಾದ ಪಾಠವು ಪ್ರಕಟವಾದದ್ದು 1962ರಲ್ಲಿ ಎಂದು ಡೊನಾಲ್ಡ್ ಕ್ನೂತ್ ಅವರನ್ನು ಆಧರಿಸಿ ಜಾನ್ ಬೆಂಟ್ಲಿ ಬರೆದಿದ್ದಾರೆ. ಹಾಗೆ ಬರೆದ ಬೆಂಟ್ಲಿಯವರ ಪುಸ್ತಕದ ಪಾಠದಲ್ಲಿಯೂ, ಅದನ್ನನುಸರಿಸಿದ ಜಾವಾ ಭಾಷೆಯ ಭಂಡಾರದಲ್ಲಿಯೂ, ಒಂದು ಪ್ರಮಾದವು ಅವಿತುಕೊಂಡಿದ್ದು, ನೂರು ಕೋಟಿಗೂ ಮಿಕ್ಕಿದ ಪಟ್ಟಿಯಲ್ಲಿ ಎರಡು ತುದಿಗಳ ಸ್ಥಾನಗಳನ್ನು ಕೂಡಿದೊಡನೆ ಮೊತ್ತವು ಉಕ್ಕಿ ಋಣಸಂಖ್ಯೆಯಾಗಿಬಿಡುತ್ತದೆಂಬುದನ್ನು 2006ರಲ್ಲಿ ಜೋಶುವಾ ಬ್ಲಾಕ್ ಜಗತ್ತಿಗೆ ತಿಳಿಸಿದರು. ಮಹಾಮಹೋಪಾಧ್ಯಾಯರ ಗತಿ ಹೀಗಿರುವಾಗ, ಅಭ್ಯರ್ಥಿಯು ಇಪ್ಪತ್ತು ನಿಮಿಷಗಳಲ್ಲಿ, ಬಿಳಿಯ ಹಲಗೆಯ ಮೇಲೆ, ಅರ್ಧ ಒಣಗಿದ ಮಾರ್ಕರಿನಿಂದ, ಇದನ್ನು ಸ್ವಯಂಪ್ರತಿಭೆಯಿಂದ ಆವಿಷ್ಕರಿಸುವನೆಂದು ಯಾವ ವಿವೇಕಿಯೂ ನಿರೀಕ್ಷಿಸಲಾರನು. ನಿರೀಕ್ಷಿಸುವುದು ಅರ್ಥಗಾರಿಕೆಯನ್ನು. ತಾಳಮದ್ದಲೆಯ ಅರ್ಥಧಾರಿಯು ಪ್ರಸಂಗವನ್ನು ಆದ್ಯಂತ ಬಲ್ಲನು, ಇದಿರಾಳಿಯೂ ಬಲ್ಲನು, ಮುಂದೆ ಕುಳಿತ ಅಜ್ಜಂದಿರಂತೂ ಇಬ್ಬರಿಗಿಂತಲೂ ಚೆನ್ನಾಗಿ ಬಲ್ಲರು. ಆದರೂ ಕರ್ಣನಿಗೆ ತನ್ನ ಜನ್ಮರಹಸ್ಯವು ಈಗತಾನೆ ತಿಳಿಯಿತೆಂಬಂತೆ ಮಾತು ತಡವರಿಸಬೇಕು.

ನನ್ನ ಪಾಲಿಗೆ ಬಂದ ಪ್ರಸಂಗ ‘ಟೂ ಸಮ್’: ಪಟ್ಟಿಯ ಯಾವ ಎರಡು ಸಂಖ್ಯೆಗಳನ್ನು ಕೂಡಿದರೆ ಇಂತಿಷ್ಟಾಗುತ್ತದೆ? ಇಂಥ ಪ್ರಶ್ನೆಗಳ ಅಭ್ಯಾಸದ ಜಾಲತಾಣವಾದ ಲೀಟ್‌ಕೋಡ್‌ನಲ್ಲಿ ಇದು ಒಂದನೆಯ ಪ್ರಶ್ನೆ. ಅಲ್ಲಿ ಕಾಲಿಟ್ಟವರೆಲ್ಲರ ಅಕ್ಷರಾಭ್ಯಾಸ ಇದರಿಂದಲೇ. ನಾನು ಮೊದಲು ಚಾವಣಿಯನ್ನು ನೋಡಿದೆ. “ಋಣಸಂಖ್ಯೆಗಳೂ ಇರಬಹುದೆ?” ಎಂದು ವಿನಯದಿಂದ ವಿಚಾರಿಸಿದೆ, ಸಂದೇಹ ಕೇಳುವವನಿಗೆ ಅಂಕ ಉಂಟು. ಅನಂತರ ಒಂದೊಂದನ್ನೂ ಉಳಿದೆಲ್ಲದರೊಡನೆ ಕೂಡಿ ನೋಡುವ ‘ಬ್ರೂಟ್ ಫೋರ್ಸ್’ ಮಾರ್ಗವನ್ನು ಹಲಗೆಯ ಮೇಲೆ ಬರೆದು, ‘ಎನ್ ಸ್ಕ್ವೇರ್’ ಎಂದು ಲೆಕ್ಕ ಹಾಕಿ, ಇಂಥ ಅಪವ್ಯಯವು ನನ್ನ ಕೈಯಿಂದಲೇ ನಡೆಯಿತೆ ಎಂಬಂತೆ ಮುಖ ಕಿವುಚಿ, ಎರಡು ಹೆಜ್ಜೆ ಹಿಂದೆ ಸರಿದು, ಕಡೆಗೆ ಕಣ್ಣರಳಿಸಿ, “ಹ್ಯಾಶ್ ಮ್ಯಾಪ್!” ಎಂದು ಉದ್ಗರಿಸಿದೆ.

ಅಷ್ಟು ಹೊತ್ತೂ ಲ್ಯಾಪ್‌ಟಾಪಿನಲ್ಲಿ ಏನನ್ನೋ ಕುಟ್ಟುತ್ತಿದ್ದ ತರುಣ ಪರೀಕ್ಷಕರು ತಲೆಯೆತ್ತಿ, “ಈ ಪ್ರಶ್ನೆಯನ್ನು ಮೊದಲೇ ನೋಡಿದ್ದಿರಾ?” ಎಂದರು. ಹೌದೆಂದರೆ ಇನ್ನೊಂದು ಕಠಿಣ ಪ್ರಶ್ನೆ, ಇಲ್ಲವೆಂದರೆ ಅನೃತ. ಇಂಥದೇನನ್ನೋ ಹಿಂದೆ ಎಲ್ಲಿಯೋ ಕಂಡ ನೆನಪೆಂದು ನಾನು ಮಧ್ಯಮಮಾರ್ಗವನ್ನು ಹಿಡಿದೆ.

ಅವರು ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, “ಚೆನ್ನಾಗಿತ್ತು ಸರ್. ಆದರೆ ಹ್ಯಾಶ್ ಮ್ಯಾಪ್ ಸ್ವಲ್ಪ ಬೇಗ ಹೊಳೀತು. ಮುಂದಿನ ರೌಂಡಿನವರು ಸೀನಿಯರ್, ಅವರ ಮುಂದೆ ಇನ್ನೆರಡು ನಿಮಿಷ ಒದ್ದಾಡಿ” ಎಂದರು.