ಸಿಮೆಂಟಿಗೆ ತಾಡಪತ್ರಿ, ಗೌಂಡಿಗೆ ಟಾವೆಲ್

ಬನಹಟ್ಟಿಯ ಯಾವ ಪೇಟೆಗೆ ಹೋದರೂ ಮಗ್ಗದ ಸಪ್ಪಳದ ನಡುವೆ ಎಲ್ಲೋ ಒಂದು ಕಾಂಕ್ರೀಟ್ ಮಿಕ್ಸರ್ ಗುಡುಗುತ್ತಿರುತ್ತದೆ. ಅದರಿಂದ ಹತ್ತು ಮಾರು ದೂರದಲ್ಲಿ, ಧೂಳು ತಾಗದಂತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರೇ ‘ಮನಿ ಕಟ್ಟಸಾವ್ರು’. ಇವರಿಗೆ ಸುರಕ್ಷತೆಯ ಖಬರೇ ಇಲ್ಲ ಎಂದು ದೂರುವವರು ಇವರನ್ನು ಸರಿಯಾಗಿ ನೋಡಿಲ್ಲ. ಇವರಷ್ಟು ಮುಂಜಾಗ್ರತೆಯ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಪಾಯಾ ತೋಡುವ ಮೊದಲು ಮುಹೂರ್ತ ಕೇಳುತ್ತಾರೆ, ಚೌಕಟ್ಟು ನಿಲ್ಲಿಸುವಾಗ ಕಾಯಿ ಒಡೆಸುತ್ತಾರೆ. ಸಿಮೆಂಟ್ ಚೀಲಕ್ಕೆ ನೆಲದ ಥಂಡಿ ಹತ್ತದಂತೆ ಕೆಳಗೆ ಹಲಗೆ, ಮೇಲೆ ತಾಡಪತ್ರಿ. ಕಬ್ಬಿಣದ ಸಳಿ ಕಾಯಲು ಕ್ಯಾಮೆರಾ. ಎದುರು ಮನೆಯವರ ಕಣ್ಣು ಬೀಳದಿರಲೆಂದು ಎರಡನೇ ಮಹಡಿಗೆ ಕಟ್ಟಿದ ದೃಷ್ಟಿಗೊಂಬೆಯ ತಲೆಗೆ ತಮ್ಮ ಹಳೇ ಬೈಕಿನ ಹೆಲ್ಮೆಟ್ಟನ್ನೂ ಏರಿಸಿರುತ್ತಾರೆ. ಅದರ ಪಕ್ಕದಲ್ಲೇ, ಬೊಂಬು ಕಟ್ಟಿ ಹಾಸಿದ ಒಂದೇ ಹಲಗೆಯ ಮೇಲೆ, ತಲೆಗೆ ಟಾವೆಲ್ ಸುತ್ತಿದ ಗೌಂಡಿ ಗಿಲಾವು ಮಾಡುತ್ತಿರುತ್ತಾನೆ. ಇಡೀ ಕಟ್ಟಡದಲ್ಲಿ ಹೆಲ್ಮೆಟ್ ಹಾಕಿದ್ದು ಹುಲ್ಲು ತುಂಬಿದ ಗೊಂಬೆಯೊಂದೇ. ಮಾಲಕರಿಗೆ ಅಂಜಿಕೆಯ ಕೊರತೆಯಿಲ್ಲ. ಅಷ್ಟೂ ಅಂಜಿಕೆ ಕಟ್ಟಡದ ಮೇಲೆಯೇ ಖರ್ಚಾಗಿ, ಕಟ್ಟುವವರ ಪಾಲಿಗೆ ಏನೂ ಉಳಿಯುವುದಿಲ್ಲ ಅಷ್ಟೆ.

ಯಾಕೆ ಹೀಗೆ ಎಂದು ಕೇಳಿದರೆ, ರೊಕ್ಕ, ವೇಳೆ ಎರಡೂ ಇಲ್ಲ ಎಂಬುದು ಇವರ ಮೊದಲ ಉತ್ತರ. ಇದನ್ನು ಅಮಾವಾಸ್ಯೆಯೊಂದೇ ಸುಳ್ಳು ಮಾಡುತ್ತದೆ. ಅಮಾಸಿಗೆ ಈ ಕಡೆ ಗೌಂಡಿ ಕೆಲಸಕ್ಕೆ ಸೂಟಿ. ತಿಂಗಳಿಗೊಂದು ದಿನ ಹೋಯಿತೆಂದು ಯಾವ ಮಾಲಕರೂ ಲೆಕ್ಕ ಹಾಕಿ ಕೊರಗಿಲ್ಲ. ಸ್ಲ್ಯಾಬ್ ಹಾಕಿದ ಮೇಲಂತೂ ಇವರ ತಾಳ್ಮೆಗೆ ಎಣೆಯೇ ಇಲ್ಲ. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿನ ಕೆಳಗಿನ ಆಧಾರದ ಕಂಬಗಳನ್ನು 14 ದಿನ ತೆಗೆಯಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಇವರು 21 ದಿನ ಮುಟ್ಟಗೊಡುವುದಿಲ್ಲ, ದಿನಾ ನೀರು ಹೊಡೆಸುತ್ತಾರೆ. ಕಾಂಕ್ರೀಟಿಗಾಗಿ ಮೂರು ವಾರ ಕಾಯಬಲ್ಲವರು ಮೆಟ್ಟಿಲಿಗೆ ಬಿಟ್ಟ ತೂತಿನ ಸುತ್ತ ನಾಲ್ಕು ಬೊಂಬು ಕಟ್ಟಿಸಲು ಅರ್ಧ ತಾಸಿಲ್ಲ ಎಂದರೆ ನಂಬುವುದು ಹೇಗೆ? ಬೊಂಬು ಕೊಳ್ಳಬೇಕಾಗಿಯೂ ಇಲ್ಲ, ಅಲ್ಲೇ ಬಿದ್ದಿರುತ್ತವೆ. ನೀರಿನ ಟಾಕಿಗೆ ತೋಡಿದ ತಗ್ಗಿನ ಕಥೆಯೂ ಇದೇ. ಎರಿ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಜಾರುತ್ತದೆ. ಇದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಒಂದೂವರೆ ಮೀಟರಿಗಿಂತ ಆಳದ ತಗ್ಗಿಗೆ ಇಳಿಯುವವನ ಪಕ್ಕದ ಮಣ್ಣಿಗೆ ಆನಿಕೆ ಕೊಡಬೇಕೆನ್ನುವ ನಿಯಮಕ್ಕಿಂತ ಮುಂಚೆಯೇ ಅದು ಇವರಿಗೆ ಗೊತ್ತು. ಅದಕ್ಕೇ ಪಾಯಾಕ್ಕೆ ಇನ್ನೆರಡು ಅಡಿ ಹೆಚ್ಚು ತೋಡಿಸುತ್ತಾರೆ. ತೋಡುವವನ ಮೇಲೆ ಅದೇ ಮಣ್ಣು ಬಿದ್ದೀತೆಂಬುದು ಮಾತ್ರ ಹೊಳೆಯುವುದಿಲ್ಲ.

“ನಾವು ಕೊಟ್ರೂ ಅವ್ರು ಹಾಕೊಳ್ಳಂಗಿಲ್ರಿ” ಎಂಬುದು ಎರಡನೆಯ ಉತ್ತರ, ಇದರಲ್ಲಿ ಅರ್ಧ ನಿಜವಿದೆ. ಬ್ಯಾಸಗಿ ಬಿಸಿಲಲ್ಲಿ ಹೆಲ್ಮೆಟ್ ಹಿಂಸೆಯೇ. ಸಿಂಬಿ ಇಟ್ಟು ಬುಟ್ಟಿ ಹೊರುವ ಹೆಣ್ಣುಮಕ್ಕಳಿಗಂತೂ ಅದು ಕೂಡುವುದೇ ಇಲ್ಲ. ಆದರೆ ಹೆಲ್ಮೆಟ್ ಮೇಲಿಂದ ಬೀಳುವ ಇಟ್ಟಂಗಿಗೆ ಮದ್ದು. ಮನುಷ್ಯನೇ ಮೇಲಿಂದ ಬಿದ್ದರೆ ಅದು ಮಾಡುವುದು ಅಷ್ಟಕ್ಕಷ್ಟೇ. ಬೀಳದಂತೆ ತಡೆಯುವುದು ಅಂಚಿಗೆ ಸೊಂಟದೆತ್ತರ ಕಟ್ಟಿದ ಗಳ, ಅಲುಗದ ಜೋಡಿ ಹಲಗೆ, ನಾಲ್ಕಡಿ ಎತ್ತರಕ್ಕೆ ಒಂದಡಿ ಲೆಕ್ಕದಲ್ಲಿ ಬುಡ ಹೊರಗಿಟ್ಟ ನಿಚ್ಚಣಿಕೆ. ಪಿನ್ನಿಲ್ಲದ ವಾಯರನ್ನು ಕಡ್ಡಿ ತುರುಕಿ ಸಾಕೆಟ್ಟಿಗೆ ಸಿಗಿಸುವ ಜಾಗದಲ್ಲಿ 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಜೀವ ಕಾಯುವುದೂ ಹಾಗೆಯೇ. ಇವ್ಯಾವನ್ನೂ ಯಾರೂ ತೊಟ್ಟುಕೊಳ್ಳಬೇಕಿಲ್ಲ, ಬಿಸಿಲಿಗೆ ಬೆವರಬೇಕಿಲ್ಲ.

ಕಡೆಯದು ಕಾನೂನಿನ ಮಾತು: “ಅದೆಲ್ಲಾ ದೊಡ್ಡ ಬಿಲ್ಡಿಂಗಿಗೆ. ನಮ್ಮದು ಗುತ್ತಿಗಿ, ಗುತ್ತೇದಾರ ನೋಡ್ಕೊತಾನ.” ಕಾಯ್ದೆಯ ಹೆಸರು ಗೊತ್ತಿರದಿದ್ದರೂ ವಿನಾಯಿತಿ ಇವರಿಗೆ ಬಾಯಿಪಾಠ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ 10 ಲಕ್ಷದೊಳಗಿನ ಸ್ವಂತ ಮನೆಯನ್ನು ಹೊರಗಿಟ್ಟಿತ್ತು. ಆದ್ದರಿಂದ ಕಾಗದದ ಮೇಲೆ ಮನೆ ಒಂಬತ್ತೂವರೆ ಲಕ್ಷದ್ದು, ಬೀಗರ ಮುಂದೆ ಅರವತ್ತು ಲಕ್ಷದ್ದು. ಅದರ ಬದಲಿಗೆ ಬಂದ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ, ಕಾಗದದ ಮನೆಗೂ ಈಗ ಒಂದಿಷ್ಟು ಬೆಳೆಯುವ ಅವಕಾಶ. ಆದರೆ ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಮನೆಯ ಬೆಲೆ ಕೇಳುವುದಿಲ್ಲ. ಇನ್ನು ಗುತ್ತೇದಾರನ ಚದರಡಿ ದರವನ್ನು ಚೌಕಾಸಿ ಮಾಡಿ ಇಳಿಸಿದವರು ಇವರೇ; ಹಾಗೆ ಇಳಿದ ರೊಕ್ಕ ಬಹುಪಾಲು ಎರಡನೇ ಹಲಗೆಯದೇ ಆಗಿರುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ ನಾಡೆಲ್ಲ ಮಾತಾಡಿತು. ಒಂದು ಮಹಡಿಯಿಂದ ಒಬ್ಬ ಬಿದ್ದರೆ ಓಣಿಯಷ್ಟೇ ಮಾತಾಡುತ್ತದೆ, ಅದೂ ಮಾಲಕರ ಗ್ರಹಚಾರದ ಬಗ್ಗೆ. “ಇಷ್ಟ್ ವರ್ಷ ಏನೂ ಆಗಿಲ್ಲ” ಎನ್ನುವ ಇವರೇ ಮಗ್ಗದ ಮುಂದೆ ಕೂತಾಗ ಹಾಸಿನ ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ, ಗಂಟು ಹಾಕಿದ ಮೇಲೆಯೇ ಮುಂದೆ ನೇಯುತ್ತಾರೆ. ಸೀರೆ ಪೂರ್ತಿ ಕೆಡಲಿ ಎಂದು ಕಾಯುವುದಿಲ್ಲ.

ಇವರನ್ನು ತಿದ್ದಲು ಭಾಷಣಕ್ಕಿಂತ ಇವರದೇ ಪದ್ಧತಿಯನ್ನು ಹಿಡಿಯುವುದು ಲೇಸು. ವಾಸ್ತುಶಾಂತಿಯ ದಿನ ಗೌಂಡಿಗೆ ಟಾವೆಲ್, ಟೊಪಗಿ ಆಯೇರಿ ಮಾಡುತ್ತಾರಲ್ಲ, ಅಷ್ಟೊತ್ತಿಗೆ ಕೆಲಸ ಮುಗಿದಿರುತ್ತದೆ. ಆ ಆಯೇರಿಯನ್ನು ಪಾಯಾ ಪೂಜೆಯ ದಿನವೇ ಮಾಡಲಿ; ಟೊಪಗಿ ಬದಲು ಐಎಸ್‌ಐ ಗುರುತಿನ ಹೆಲ್ಮೆಟ್, ಜೊತೆಗೊಂದು ಜೋಡು ಬೂಟು, ಅಂಚಿಗೆ ಕಟ್ಟಲು ಗಳ. ಅರಿಶಿನ ಕುಂಕುಮ ಹಚ್ಚಿಯೇ ಕೊಡಲಿ. ಮಾಲಕರು ಒಪ್ಪುತ್ತಾರೆ, ಸಂಶಯವಿಲ್ಲ. ಒಪ್ಪುವ ಮೊದಲು ಒಂದು ಮಾತು ಮಾತ್ರ ಕೇಳುತ್ತಾರೆ: “ಹಳದಿ ಹೆಲ್ಮೆಟ್ ನಮ್ಮ ರಾಶಿಗಿ ಆಗಿ ಬರತೈತೇನ್ರಿ?”